ಕಿವಿಗೂ ಶಿಕ್ಷಣ ಬೇಕು

ಭಾಷೆ ಕಲಿಸುವಾಗ ನಾವು ಮಕ್ಕಳ ಉಚ್ಚಾರವನ್ನು ತಿದ್ದುತ್ತೇವೆ, ಬರವಣಿಗೆಯನ್ನು ತಿದ್ದುತ್ತೇವೆ. ಆಲಿಸುವ ರೀತಿಯನ್ನು ತಿದ್ದುವ ಗೊಡವೆಗೆ ಹೋಗುವುದಿಲ್ಲ. ಕಿವಿಯಿದ್ದವರೆಲ್ಲರೂ ಕೇಳಬಲ್ಲರೆಂಬುದು ನಮ್ಮ ಎಣಿಕೆ. ಆದರೆ ಆಡುವವರು ಯಾರು, ಎಲ್ಲಿಯವರು ಎಂಬ ನಮ್ಮ ಪೂರ್ವಕಲ್ಪನೆಯೂ ಆಲಿಸುವಿಕೆಯಲ್ಲಿ ಪಾಲುಗೊಳ್ಳುತ್ತದೆ.

ಅಮೆರಿಕದ ಡೊನಾಲ್ಡ್ ರೂಬಿನ್ ಎಂಬ ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನಿದರ್ಶನ. ಅಮೆರಿಕನ್ ಮಹಿಳೆಯೊಬ್ಬರ ಧ್ವನಿಮುದ್ರಿತ ಉಪನ್ಯಾಸವನ್ನು 62 ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ಉಪನ್ಯಾಸಕಿಯೆಂದು ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರವನ್ನೂ ಉಳಿದವರಿಗೆ ಏಷ್ಯಾದ ಮಹಿಳೆಯ ಚಿತ್ರವನ್ನೂ ತೋರಿಸಿದರು. ಧ್ವನಿ ಒಂದೇ ಆಗಿದ್ದರೂ ಏಷ್ಯಾದ ಮುಖವನ್ನು ಕಂಡವರ ಗ್ರಹಿಕೆ ಕುಂದಿತು. ಇದಕ್ಕೆ ಇನ್ನೊಂದು ಮುಖವೂ ಉಂಟು. ಕೆವಿನ್ ಮೆಕ್‌ಗೋವನ್ ಅವರ 2015ರ ಅಧ್ಯಯನದಲ್ಲಿ, ಚೀನೀ ಧಾಟಿಯ ಇಂಗ್ಲಿಷನ್ನು ಗದ್ದಲದ ನಡುವೆ ಕೇಳಿದವರು ಚೀನೀ ಮುಖವನ್ನು ಕಂಡಾಗಲೇ ಹೆಚ್ಚು ಸರಿಯಾಗಿ ಗ್ರಹಿಸಿದರು. ಹಿನ್ನೆಲೆಯನ್ನು ಅರಿಯುವುದು ದೋಷವಲ್ಲ. ಅರಿಯದೆಯೇ ತೀರ್ಪು ಕೊಡುವುದು ದೋಷ.

ಈ ಮಾತು ದೂರದೇಶಕ್ಕಷ್ಟೇ ಸಂಬಂಧಿಸಿದ್ದಲ್ಲ. 16ನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿಗಾಗಿ ಪರದೇಶದ ವರ್ತಕರು ಹಾತೊರೆದ ನಾಡು ನಮ್ಮ ಗೇರುಸೊಪ್ಪೆ. ಹಲವು ನುಡಿಗಳು ಈ ಸೀಮೆಗೆ ಹೊಸತಲ್ಲ. ಇಂದಿಗೂ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ಕೊಂಕಣಿ, ನವಾಯತಿಗಳು ಅಕ್ಕಪಕ್ಕದ ಮನೆಗಳಲ್ಲಿಯೇ ಬಾಳುತ್ತಿವೆ. ಹೀಗಿದ್ದರೂ ಘಟ್ಟದ ಮೇಲಿನಿಂದ ಬಂದ ಗುರುಗಳು ಬಾಯಿ ತೆರೆಯುವ ಮೊದಲೇ ‘ಇವರ ಕನ್ನಡ ನಮಗೆ ತಿಳಿಯದು’ ಎಂದು ಮಕ್ಕಳು ನಿಶ್ಚಯಿಸಿಬಿಡಬಹುದು. ಕೊಂಕಣಿ ಮನೆಮಾತಿನ ಮಗು ಶುದ್ಧವಾಗಿಯೇ ಉತ್ತರಿಸಿದರೂ ಗುರುಗಳ ಕಿವಿಗೆ ಅಲ್ಲಿ ತಪ್ಪು ಕೇಳಿಸಬಹುದು. ಹವ್ಯಕರ ‘ಹೋಪ’ ಎಂಬ ರೂಪವನ್ನು ವಿಕಾರವೆಂದು ನಗುವವರುಂಟು. ಅದು ಹಳಗನ್ನಡದ ‘ಪೋಪ’ ಎಂಬುದರ ನೇರ ಸಂತಾನವೆಂದು ತಿಳಿದಾಗ ನಗುವಿನ ಸ್ಥಾನದಲ್ಲಿ ಗೌರವ ಮೂಡೀತು.

ಅಪರಿಚಿತ ಧಾಟಿ ಮೊದಮೊದಲು ತೊಡಕೆನಿಸುವುದು ಸಹಜ. ಆ ತೊಡಕು ಬಳಕೆಯಿಂದ ಕರಗುತ್ತದೆ. ತಾತ್ಸಾರವಾದರೋ ಬಳಕೆಗೇ ಅವಕಾಶ ಕೊಡದು. ನಗೆಗೀಡಾದ ಮಗು ಮೌನವನ್ನು ಆಶ್ರಯಿಸುತ್ತದೆ. ಮೌನವಾದ ಮಗುವಿಗೆ ಯಾವ ಭಾಷೆಯೂ ಒಲಿಯದು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ಒಂದು ಬಿನ್ನಹ. ವಾರಕ್ಕೊಂದು ಅವಧಿಯನ್ನಾದರೂ ಆಲಿಸುವಿಕೆಗೆ ಮೀಸಲಿಡಿರಿ. ಬೇರೆ ಬೇರೆ ಸೀಮೆಯ ಹಿರಿಯರನ್ನು ಕರೆಸಿ ಕಥೆ ಹೇಳಿಸಿರಿ. ಮೊದಲು ಅವರ ನುಡಿಯ ಲಕ್ಷಣಗಳನ್ನು ಪರಿಚಯಿಸಿ, ಬಳಿಕ ಕೇಳಿದ್ದರ ಸಾರಾಂಶವನ್ನು ಮಕ್ಕಳಿಂದ ಬರೆಯಿಸಿರಿ. ಕಟ್ಟಡಗಳಿಗೆ ಉದಾರವಾಗಿ ನೆರವು ನೀಡುವ ದಾನಿಗಳು ಇಂಥ ಧ್ವನಿಮುದ್ರಣಗಳ ಸಂಗ್ರಹಕ್ಕೂ ಕೈಜೋಡಿಸಲಿ. ಶಾಲೆಯಲ್ಲಿ ಎಲ್ಲ ಮನೆಗಳ ಮಾತಿಗೂ ಕಿವಿ ದೊರೆತಲ್ಲಿ ಎಲ್ಲ ಮನೆಗಳ ಮಕ್ಕಳಿಗೂ ಶಾಲೆ ತಮ್ಮದೆನಿಸುವುದು.