ಮಲೆನಾಡಿನ ಸುಣ್ಣ, ಭಾಲ್ಕಿಯ ಕುಂಡ

ಕಳೆದ ಮಳೆಗಾಲದ ನಂತರ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಭಾಲ್ಕಿಯಲ್ಲಿ ನೌಕರಿಯಲ್ಲಿರುವ ಮಗಳು ಮಾಳಿಗೆಯ ಮೇಲೆ ಬೆಳೆಸಿದ ಟೊಮೇಟೊ, ಬದನೆ, ಮೆಣಸಿನ ಗಿಡಗಳು ಹಳದಿಯಾಗುತ್ತಿವೆ, ಏನು ಮಾಡಬೇಕೆಂದು ಕೇಳಿದರು. ನಾವು ಹಿಂದೆಮುಂದೆ ನೋಡದೆ, "ಕುಂಡಕ್ಕೆ ಒಂದು ಹಿಡಿ ಸುಣ್ಣ, ಸ್ವಲ್ಪ ಯೂರಿಯಾ" ಎಂದುಬಿಟ್ಟೆವು. ಅಡಿಕೆ, ಕಾಫಿಯವರ ಬಾಯಲ್ಲಿ ಸುಣ್ಣ ತಾನಾಗಿಯೇ ಬರುತ್ತದೆ. ತಿಂಗಳೊಳಗೆ ಚಿಗುರು ಹಳದಿ ಹೋಗಿ ಬೆಳ್ಳಗಾಯಿತು. ತಪ್ಪು ನಮ್ಮದು. ಅದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇವೆ.

ನಮ್ಮಲ್ಲಿ ಸುರಿಯುವ ಮಳೆ ಮಣ್ಣಿನ ಸುಣ್ಣಾಂಶವನ್ನು ತೊಳೆದೊಯ್ಯುವುದರಿಂದ ಮಣ್ಣು ಹುಳಿಯಾಗುತ್ತದೆ, ಸುಣ್ಣ ಬೇಕಾಗುತ್ತದೆ. ಬೀದರ್ ಜಿಲ್ಲೆಯ ಮಾತು ಬೇರೆ. ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಕೋಟೆಯ ಕಂದಕವನ್ನು ಕೊರೆದದ್ದೂ ಅದರಲ್ಲಿಯೇ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ಹೆಚ್ಚಿನದು ಎರೆಮಣ್ಣು. ಅದರಲ್ಲಿ ಸುಣ್ಣದ ಹರಳು ಮೊದಲೇ ಇರುತ್ತದೆ, ರಸಸಾರ 8ರ ಆಸುಪಾಸಿಗೆ ಏರಿರುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುವುದಿಲ್ಲ. ನಾವು ಅದಕ್ಕೇ ಇನ್ನೊಂದು ಹಿಡಿ ಸುಣ್ಣ ಹಾಕಿಸಿದೆವು! ಕೊಳವೆಬಾವಿಯ ನೀರು ಗಡಸಾಗಿದ್ದರೆ ದಿನವೂ ಅಷ್ಟಷ್ಟು ಸುಣ್ಣ ಸೇರುತ್ತಲೇ ಇರುತ್ತದೆ; ಕುಂಡದ ಅಂಚಿನ ಬಿಳಿ ಪೊರೆಯೇ ಅದರ ಸಾಕ್ಷಿ.

ಆದ್ದರಿಂದ ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಎಲೆ ನೋಡಬೇಕು, ಅದರಲ್ಲೂ ಯಾವ ಎಲೆ ಎಂಬುದನ್ನು. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕ ಸಾಲದು. ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕೊಡುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಹಾಗಾಗಿ ಚಿಗುರೆಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಹಳೆಯ ಎಲೆಯಲ್ಲಿ ನರಗಳ ನಡುವೆ ಹಳದಿಯಾದರೆ ಮೆಗ್ನೀಷಿಯಂ, ಅಂಚು ಸುಟ್ಟಂತಾದರೆ ಪೊಟ್ಯಾಷ್. ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕುಳಿಬಿದ್ದರೆ ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲವೆಂದರ್ಥ. ಸುಣ್ಣದ ಮಣ್ಣಿನಲ್ಲಿ ಇದು ಹೇಗೆ ಎಂದು ನಮಗೂ ಮೊದಲು ಆಶ್ಚರ್ಯವಾಗಿತ್ತು. ಒಂದು ದಿನ ಒಣಗಿಸಿ ಮರುದಿನ ತುಂಬಿಸುವ ನೀರೇ ಬಹುತೇಕ ಇದಕ್ಕೆ ಕಾರಣ.

ಕಬ್ಬಿಣಕ್ಕೆ ನಮ್ಮ ಹಿರಿಯರಿಗೆ ಗೊತ್ತಿದ್ದ ಅನ್ನಭೇದಿಯೇ ಸಾಕು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಸುಣ್ಣದ ಮಣ್ಣಿಗೆ ಸುರಿದರೆ ಅದು ಅಲ್ಲಿಯೇ ಕಟ್ಟಿಕೊಂಡು ವ್ಯರ್ಥವಾಗುತ್ತದೆ. ಮೆಗ್ನೀಷಿಯಂಗೆ ಎಪ್ಸಮ್ ಉಪ್ಪು, ಲೀಟರಿಗೆ 10 ಗ್ರಾಂ. ಸಾರಜನಕಕ್ಕೆ ಎರೆಮಣ್ಣಿನಲ್ಲಿ ಯೂರಿಯಾಕ್ಕಿಂತ ಅಮೋನಿಯಂ ಸಲ್ಫೇಟ್ ಲೇಸು, ಏಕೆಂದರೆ ಅದು ರಸಸಾರವನ್ನು ತುಸು ಇಳಿಸುತ್ತದೆ. ಲೀಟರಿಗೆ 2 ಗ್ರಾಂ ಮೀರುವುದು ಬೇಡ. ಪುಂಡಿಪಲ್ಯ, ಮೆಂತ್ಯದಂತಹ ಸೊಪ್ಪನ್ನು ಕಿತ್ತಷ್ಟೂ ಸಾರಜನಕ ಕೇಳುತ್ತವೆ, ಬೇಸಿಗೆಯಲ್ಲಿ ದಿನವೂ ಹಾಕುವ ನೀರು ಅದನ್ನು ತಳದ ತೂತಿನಿಂದ ಹೊರಗೆ ಒಯ್ಯುತ್ತದೆ.

ಇನ್ನೊಂದು ಮಾತು. ಊರಿನಿಂದ ಮಕ್ಕಳಿಗೆ ಹಸಿ ಅಡಿಕೆ ಸಿಪ್ಪೆ ತುಂಬಿಸಿ ಕಳುಹಿಸುವವರಿದ್ದಾರೆ. ಕೊಳೆಯದ ಸಿಪ್ಪೆ ಕುಂಡದಲ್ಲಿ ಕೊಳೆಯುವಾಗ ಗಿಡದ ಸಾರಜನಕವನ್ನೇ ತಿನ್ನುತ್ತದೆ. ಪೂರ್ಣ ಕಳಿತ ಗೊಬ್ಬರವನ್ನಷ್ಟೇ ಕಳುಹಿಸಿ.

ನಮ್ಮ ಮಳಿಗೆಯಲ್ಲಿ ಸುಣ್ಣ, ಯೂರಿಯಾ ಮೂಟೆಗಟ್ಟಲೆ ಸಿಗುತ್ತವೆ. ನೂರು ಗ್ರಾಂ ಅನ್ನಭೇದಿ ಕೇಳಿದರೆ ಮಾತ್ರ ಇಲ್ಲ. ಹತ್ತು ಕುಂಡ ಇಟ್ಟವರಿಗೆ ಮೂಟೆ ಏತಕ್ಕೆ? ಸಣ್ಣ ಪೊಟ್ಟಣಗಳನ್ನು ಮಾಡಿ, ಯಾವ ಎಲೆಗೆ ಯಾವುದು ಎಂದು ಅದರ ಮೇಲೆ ಅಚ್ಚು ಹಾಕಿಸಿ ಮಾರಬೇಕೆಂದು ನಾವು ಆಡಳಿತ ಮಂಡಳಿಯನ್ನು ಒತ್ತಾಯಿಸುತ್ತೇವೆ. ಮೂಟೆಯಷ್ಟು ಲಾಭ ಇದರಲ್ಲಿಲ್ಲ ಎಂಬುದು ನಮಗೂ ಗೊತ್ತು.

ಭಾಲ್ಕಿಯ ಆ ಹುಡುಗಿ ಸುಣ್ಣ ಬೆರೆತ ಮಣ್ಣನ್ನು ಚೆಲ್ಲಿ, ಹೊಸ ಮಣ್ಣಿಗೆ ಮರಳು, ಕಳಿತ ಸಗಣಿ ಗೊಬ್ಬರ ಸೇರಿಸಿ ಗಿಡ ಮರುನೆಟ್ಟು, ಎರಡು ಬಾರಿ ಅನ್ನಭೇದಿ ಸಿಂಪಡಿಸಿದ್ದಾಳೆ. ಬಿಳಿಚಿದ ಎಲೆಗಳು ಹಾಗೆಯೇ ಇವೆಯಂತೆ, ಹೊಸ ಚಿಗುರು ಹಸಿರಾಗಿ ಬರುತ್ತಿದೆಯಂತೆ.