ಬಜೆಯಿಂದಲೋ, ವಯಸ್ಸಿನಿಂದಲೋ?

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಾರದಿದ್ದರೆ ನಮ್ಮ ಅಜ್ಜಿಯರು ಬಜೆ ತೇದು ನಾಲಗೆಗೆ ಹಚ್ಚುವುದುಂಟು. ಆರು ತಿಂಗಳಲ್ಲಿ ಮಾತು ಬಂದರೆ ಕೀರ್ತಿಯೆಲ್ಲ ಬಜೆಗೆ. ಆದರೆ ತಡವಾಗಿ ಮಾತು ಕಲಿಯುವ ಮಕ್ಕಳಲ್ಲಿ ಹಲವರು ತಾವಾಗಿಯೇ ಸರಿಹೋಗುತ್ತಾರೆ. ಎಳೆಯ ವಯಸ್ಸಿನ ಉಗ್ಗು ಕೂಡ ಅನೇಕರನ್ನು ತಾನಾಗಿಯೇ ಬಿಡುತ್ತದೆ. ಹಾಗಾದರೆ ಗುಣವಾದದ್ದು ಮದ್ದಿನಿಂದಲೋ, ವಯಸ್ಸಿನಿಂದಲೋ?

ಇದನ್ನು ತಿಳಿಯುವುದಕ್ಕೆಂದೇ ಕ್ಲಿನಿಕಲ್ ಟ್ರಯಲ್, ಅಂದರೆ ಚಿಕಿತ್ಸೆಯ ಪ್ರಯೋಗ, ಎಂಬುದಿದೆ. ಒಂದೇ ಬಗೆಯ ತೊಂದರೆಯುಳ್ಳವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ರೂಢಿಯ ಚಿಕಿತ್ಸೆ ಕೊಟ್ಟು ಹೋಲಿಸಿ ನೋಡುತ್ತಾರೆ.

ಗುಳಿಗೆಯಾದರೆ ಇದರ ಖರ್ಚನ್ನು ಕಂಪೆನಿ ಹೊರುತ್ತದೆ. ನಾಳೆ ಮಾರಿ ಲಾಭ ಪಡೆಯಬಹುದಷ್ಟೆ. ಮಾತಿನ ಅಭ್ಯಾಸವನ್ನಾದರೋ ಸೀಸೆಯಲ್ಲಿ ತುಂಬಿ ಮಾರುವಂತಿಲ್ಲ. ಅದು ಫಲಿಸುವುದೇ ಇಲ್ಲವೇ ಎಂದು ಪರೀಕ್ಷಿಸಲು ಸರ್ಕಾರದ ಹಣವೇ ಬೇಕು. ಕೇಂದ್ರ ಆರೋಗ್ಯ ಇಲಾಖೆಯ ಅಡಿಯಲ್ಲಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಂಶೋಧನೆಗೆಂದೇ ಒಂದು ನಿಧಿಯನ್ನು ಇರಿಸಿಕೊಂಡಿದೆ. ನಮ್ಮ ನಾಟಕಕಾರ ನ. ರತ್ನ ಅವರು ನಿರ್ದೇಶಕರಾಗಿದ್ದ ಸಂಸ್ಥೆಯಿದು. ಅವರೂ ಸಂಗಡಿಗರೂ ಸೇರಿ 1972ರಲ್ಲಿ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಇಂಗ್ಲಿಷಿನ ಪರೀಕ್ಷೆಗೆ ನಮ್ಮ ಳಕಾರ ಣಕಾರಗಳ ಗೊಡವೆಯೇ ಇಲ್ಲವಲ್ಲ!

ಶೋಳಿಂಗನಲ್ಲೂರಿನ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಮಾತು ತಡವಾದೊಡನೆ ಮೊದಲು ಕನ್ನಡವನ್ನೇ ಬಿಡಿಸುವ ತಂದೆತಾಯಿಗಳಿದ್ದಾರೆ. ಹಲವು ಭಾಷೆ ಕೇಳುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಆದರೆ ಇಂಥ ಮಕ್ಕಳಿಗೆ ಯಾವ ಚಿಕಿತ್ಸೆ ಒಗ್ಗುವುದೆಂದು ತಿಳಿಯಬೇಕಾದರೆ, ಪ್ರಯೋಗಗಳಲ್ಲಿ ಇಂಥ ಮಕ್ಕಳೂ ಇರಬೇಕಷ್ಟೆ.

ಆದುದರಿಂದ ಯಾರಾದರೂ ಕೇಳಿದರೆ ಹೆದರಿ ಓಡಬೇಡಿ, ಓದದೆ ರುಜುವನ್ನೂ ಹಾಕಬೇಡಿ. ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ. ಇದಕ್ಕೆಂದೇ 2007ರಲ್ಲಿ ತೆರೆದ ರಾಷ್ಟ್ರೀಯ ದಾಖಲೆಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಒಪ್ಪಿಗೆಯ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಕನ್ನಡದಲ್ಲಿ ಹೇಳಿರೆಂದು ಕೇಳಲು ಸಂಕೋಚವೇಕೆ? ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂದು ಅದೇ ಹೇಳುತ್ತದೆ. ನಡುವೆ ಬೇಡವೆನಿಸಿದರೆ ಹೊರಬರಬಹುದು. ಅದರಿಂದ ಮಗುವಿನ ಮಾಮೂಲು ಚಿಕಿತ್ಸೆಗೆ ಕುಂದು ಬರಕೂಡದು.

ಕೊನೆಗೊಂದು ಮಾತು. ಮಾತು ಬಾರದ ಮಗುವಿಗೆ ಮೊದಲು ಕಿವಿ ಕೇಳುವುದೇ ಎಂದು ಪರೀಕ್ಷೆ ಮಾಡಿಸಿ. ಅದಕ್ಕೆ ಯಾವ ಪ್ರಯೋಗದ ಫಲವನ್ನೂ ಕಾಯಬೇಕಾಗಿಲ್ಲ. ಕಿವಿಯ ದೋಷವಾದರೆ ಅದು ವಯಸ್ಸಿನೊಡನೆ ಹೋಗುವಂಥದಲ್ಲವೆಂದೇ ತಿಳಿದು ನಡೆಯುವುದು ಕ್ಷೇಮ. ಕಳೆದ ಒಂದೊಂದು ತಿಂಗಳೂ ಮಗುವಿನ ಮಾತಿಗೆ ನಷ್ಟವೇ.