ಖಾಲಿ ಕ್ರೇಟಿನಲ್ಲಿ ಜಾಗವಿದೆ

ಕರ್ನಾಟಕ ಹಾಲು ಮಹಾಮಂಡಳದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಇದು ಹಾಲಿನ ದರದ ಬಗೆಗಿನ ದೂರಲ್ಲ. 2025ರ ಏಪ್ರಿಲ್ 1ರಂದು ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ, ಅದು ಹಸು ಕಟ್ಟಿದವರ ಕೈ ಸೇರುತ್ತದೆಂಬ ಮಾತನ್ನು ನಂಬಿ ನನ್ನಂಥವರು ಗೊಣಗದೆ ಕೊಟ್ಟೆವು. ಈಗ ಕೇಳಬೇಕೆಂದಿರುವುದು ಹಾಲು ಪಾತ್ರೆಗೆ ಬಿದ್ದ ಮೇಲೆ ಕೈಯಲ್ಲಿ ಉಳಿಯುವ ವಸ್ತುವಿನ ವಿಚಾರ. ಆ ಕವರ್ ಯಾರದು?

ಕೊಂಡವರದು ಎಂಬುದು ಈವರೆಗಿನ ಉತ್ತರ. ಕೆಲವು ವರ್ಷಗಳ ಹಿಂದೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹರಿದಾಡಿತು: ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಸಲಹೆ ಸರಿಯಾದದ್ದೇ. ಉಗುರಿನಷ್ಟಿರುವ ಆ ಚೂರನ್ನು ಪೌರಕಾರ್ಮಿಕರು ಹೆಕ್ಕಲಾರರು, ಗುಜರಿಯವರು ಕೊಳ್ಳಲಾರರು. ಅದು ತರಕಾರಿ ಸಿಪ್ಪೆಯ ಜೊತೆ ಹಸಿಕಸಕ್ಕೆ ಹೋಗುತ್ತದೆ, ಇಲ್ಲವೇ ಸಿಂಕಿನಿಂದ ಮೋರಿಗೆ. ಆದರೆ ಆ ಸಂದೇಶದಲ್ಲಿ ತಪ್ಪೆಲ್ಲ ಅಡುಗೆಮನೆಯ ಕತ್ತರಿಯ ಮೇಲೆ ಬಂದಿತ್ತು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2024ರ ಜುಲೈಯಿಂದ ಪಾನೀಯದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆರೆದ ಮೇಲೂ ಬಾಟಲಿಗೇ ಅಂಟಿಕೊಂಡಿರಬೇಕು. ಅಲ್ಲಿನವರು ಪಾಠ ಹೇಳಿದ್ದು ಕುಡಿಯುವವರಿಗಲ್ಲ, ಬಾಟಲಿ ಮಾಡುವವರಿಗೆ.

ನಿಮ್ಮ ವಹಿವಾಟಿನ ಗಾತ್ರ ನಿಮಗೇ ಚೆನ್ನಾಗಿ ಗೊತ್ತು. 2024ರ ಮಧ್ಯದಲ್ಲಿ ನಿಮ್ಮ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಪ್ಯಾಕೆಟ್ ಹಾಲಾಗಿ ಮಾರಾಟವಾಗುತ್ತದೆ. ಅಷ್ಟನ್ನೂ ಒಂದು ಲೀಟರಿನ ಪ್ಯಾಕೆಟ್ಟಿನಲ್ಲೇ ಕೊಟ್ಟರೂ ಬೆಳಗಾದರೆ ಲಕ್ಷ ಲಕ್ಷ ಕವರು. ಬಹಳ ಮನೆಗಳಿಗೆ ಬರುವುದು ಅರ್ಧ ಲೀಟರು. ಲೆಕ್ಕ ಅಲ್ಲಿಗೆ ಇನ್ನಷ್ಟು ಬೆಳೆಯುತ್ತದೆ. ಮೊಸರು, ಮಜ್ಜಿಗೆಯನ್ನು ಸೇರಿಸಿಲ್ಲ.

2016ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿತು. ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ ಎಲ್ಲಕ್ಕೂ ಕಡಿವಾಣ. ಹಾಲಿನ ಪ್ಯಾಕೆಟ್ಟಿಗೆ ವಿನಾಯಿತಿ ಸಿಕ್ಕಿತು. ಅದು ನ್ಯಾಯವೇ ಆಗಿತ್ತು, ಬೇಗ ಕೆಡುವ ಹಾಲನ್ನು ಇಷ್ಟು ಅಗ್ಗವಾಗಿ ಊರೂರಿಗೆ ಮುಟ್ಟಿಸುವ ಬೇರೆ ದಾರಿ ಆಗ ಎದುರಿಗಿರಲಿಲ್ಲ. ಆದರೆ ಸಂತೆಯಲ್ಲಿ ಸೊಪ್ಪು ಮಾರುವವಳ ಚೀಲ ಕಸಿದುಕೊಂಡು ದಂಡ ಹಾಕಿದ ರಾಜ್ಯವು, ತಾನೇ ಬೆನ್ನಿಗೆ ನಿಂತಿರುವ ಸಹಕಾರಿ ಸಂಸ್ಥೆಯನ್ನು ಅಷ್ಟೇ ಬಿಗಿಯಾಗಿ ಪ್ರಶ್ನಿಸಿದ್ದು ಕಾಣಲಿಲ್ಲವಲ್ಲ.

ಬದಲಾವಣೆ ಕಷ್ಟ ಎನ್ನಬೇಡಿ. 2024ರ ಜೂನ್‌ನಲ್ಲಿ ಹಾಲು ಹೆಚ್ಚಾಗಿದೆಯೆಂದು ಪ್ರತಿ ಪ್ಯಾಕೆಟ್ಟಿಗೆ 50 ಮಿ.ಲೀ. ಸೇರಿಸಿ ಎರಡು ರೂಪಾಯಿ ಏರಿಸಿದಿರಿ. ರಾಜ್ಯದುದ್ದಕ್ಕೂ 500 ಇದ್ದದ್ದು 550 ಆಯಿತು, 1000 ಇದ್ದದ್ದು 1050. ಮರುವರ್ಷ ಏಪ್ರಿಲ್‌ನಲ್ಲಿ ಎಲ್ಲ ಮತ್ತೆ ಹಿಂದಿನ ಅಳತೆಗೆ ಬಂತು. ಮನಸ್ಸು ಮಾಡಿದರೆ ಇಡೀ ಕರ್ನಾಟಕದ ಪ್ಯಾಕೆಟ್ ಹೇಗೆ ಬದಲಾಗುತ್ತದೆ ಎಂಬುದನ್ನು ಹತ್ತು ತಿಂಗಳೊಳಗೆ ಎರಡು ಸಲ ನೀವೇ ತೋರಿಸಿದ್ದೀರಿ.

ಈಗ ವಿಷಯಕ್ಕೆ ಬರುತ್ತೇನೆ. ನಸುಕಿನಲ್ಲಿ ನಿಮ್ಮ ವ್ಯಾನು ಬೂತಿನ ಮುಂದೆ ನಿಲ್ಲುತ್ತದೆ. ತುಂಬಿದ ಕ್ರೇಟು ಇಳಿಯುತ್ತದೆ, ಹಿಂದಿನ ದಿನದ ಖಾಲಿ ಕ್ರೇಟು ಏರುತ್ತದೆ. ಕ್ರೇಟು ಕಳೆದರೆ ಲೆಕ್ಕ ಕೇಳುತ್ತೀರಿ, ಏಕೆಂದರೆ ಅದಕ್ಕೆ ಬೆಲೆಯಿದೆ. ದೇಶದ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಕಸವನ್ನು ವಾಪಸು ತರಿಸಲು ಲಾರಿ, ಗೋದಾಮು, ಏಜೆನ್ಸಿ ಎಂದು ಹಣ ಸುರಿಯಬೇಕು. ನಿಮ್ಮ ಗಾಡಿ ಹೇಗೂ ದಿನವೂ ಖಾಲಿ ಕ್ರೇಟು ಹೊತ್ತು ಡೇರಿಗೇ ಮರಳುತ್ತದೆ. ಅದರಲ್ಲಿ ಕವರಿಗೆ ಜಾಗವಿದೆ.

ಒಂದು ಕವರಿಗೆ ಒಂದು ರೂಪಾಯಿ ಠೇವಣಿ ಇಡಿ. ತೊಳೆದು ತಂದವರಿಗೆ ಬೂತಿನಲ್ಲೇ ಮರಳಿಸಿ, ಇಲ್ಲವೇ ಮರುದಿನದ ಹಾಲಿಗೆ ವಜಾ ಮಾಡಿ. ಮೂಲೆಯ ತುಂಡು ಇಲ್ಲದ ಕವರಿಗೆ ರೂಪಾಯಿ ಇಲ್ಲ ಎನ್ನಿ. ವಾಟ್ಸ್‌ಆ್ಯಪ್ ಉಪದೇಶದಿಂದ ಆಗದ್ದು ಒಂದೇ ವಾರದಲ್ಲಿ ಆಗುತ್ತದೆ. ಮಹಾರಾಷ್ಟ್ರ ಸರ್ಕಾರ 2019ರಲ್ಲಿ 50 ಪೈಸೆಯ ಇಂಥದ್ದೇ ಯೋಜನೆ ಘೋಷಿಸಿತ್ತು, ಅದು ಬೇರೂರಿದ್ದು ಕಾಣಲಿಲ್ಲ. ಅಂಗಡಿಯಲ್ಲಿ ಚಲಾವಣೆಯಾಗದ ಐವತ್ತು ಪೈಸೆಗೆ ಯಾರು ಕವರು ತೊಳೆದಾರು? ಪಕ್ಕದ ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಯ ಬಾಟಲಿಗೆ ಹತ್ತು ರೂಪಾಯಿ ಠೇವಣಿ. ಕಾಡಂಚಿನಲ್ಲಿ ಒಡೆದು ಬೀಳುತ್ತಿದ್ದ ಬಾಟಲಿಗಳು ಅಂಗಡಿಗೆ ವಾಪಸು ಬಂದವು, ಯೋಜನೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕುಡಿದವರು ತಂದುಕೊಡುತ್ತಾರೆಂದರೆ ಹಾಲು ಕಾಯಿಸಿದವರು ತರಲಾರರೇ?

ನಿಮ್ಮ ಅಧಿಕಾರಿಗಳು ಹೇಳುವ ಮೊದಲ ಮಾತು ಗೊತ್ತು: ಹುಳಿ ವಾಸನೆಯ ಕವರನ್ನು ಹಾಲಿನ ಕ್ರೇಟಿಗೆ ಹಾಕಲಾಗದು. ಒಪ್ಪಿದೆ. ಬೇರೆ ಚೀಲದಲ್ಲಿ ಕಟ್ಟಿ ಕ್ರೇಟಿನ ಮೇಲಿಡಿ. ಹೆಂಗಸರು ಕವರನ್ನು ತೊಳೆದು ಒಣಹಾಕಿ, ಕಟ್ಟು ಕಟ್ಟಿ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕುತ್ತಿದ್ದ ಕಾಲ ತೀರಾ ದೂರದ್ದಲ್ಲ. ಬೂತಿನವರಿಗೆ ಎಣಿಸುವ ಕೆಲಸ ಹೆಚ್ಚುತ್ತದೆ, ಅವರಿಗೆ ಕಮಿಷನ್ ಕೊಡಿ. ಮರಳದ ಕವರುಗಳ ಠೇವಣಿ ನಿಮ್ಮಲ್ಲೇ ಉಳಿಯುತ್ತದಲ್ಲ.

ಎರಡನೆಯ ಮಾತು ಕರಗುವ ಪ್ಯಾಕೆಟ್ಟಿನದು. ಮೆಕ್ಕೆಜೋಳದ ಪಿಷ್ಟದ ಪ್ಯಾಕೆಟ್ಟಿನ ಪ್ರಯೋಗದ ಸುದ್ದಿ 2025ರಲ್ಲಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಗೊಬ್ಬರವಾಗುವುದೆಂದು ಪ್ರಮಾಣೀಕರಿಸುವ ಇಂಥ ಪ್ಲಾಸ್ಟಿಕ್ಕಿನ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನ ಶಾಖದಲ್ಲಿ. ನಮ್ಮ ಮೋರಿಯಲ್ಲಿ, ರಾಜಕಾಲುವೆಯಲ್ಲಿ, ತಿಪ್ಪೆಯಲ್ಲಿ ಆ ಶಾಖ ಎಲ್ಲಿದೆ? ಈಗಿನ ಪಾಲಿಥಿನ್ ಕವರು ಮರುಬಳಕೆಗೆ ಒಳ್ಳೆಯ ಸರಕು, ಕರಗಿಸಿದರೆ ಪೈಪಾಗುತ್ತದೆ, ಚೀಲವಾಗುತ್ತದೆ. ನೋಡಲು ಅದರಂತೆಯೇ ಇರುವ ಪಿಷ್ಟದ ಕವರು ಅದರೊಳಗೆ ಬೆರೆತರೆ ಇಡೀ ರಾಶಿಯ ಗುಣ ಕೆಡುತ್ತದೆ.

ಒಂದು ಅಳುಕು ನನಗೂ ಇದೆ. ಇಂದು ಈ ಕವರುಗಳನ್ನು ಹೆಕ್ಕಿ ಬದುಕುವವರು ಚಿಂದಿ ಆಯುವವರು. ಅರ್ಧ ಲೀಟರಿನ ಕವರು ಸುಮಾರು ಎರಡೂವರೆ ಗ್ರಾಂ. ಕಿಲೋ ಆಗಲು 400 ಕವರು ಬೇಕು. ಗುಜರಿ ಅಂಗಡಿಯಲ್ಲಿ ಒಂದೊಂದಕ್ಕೆ ಸಿಗುವುದು ಕೆಲವೇ ಪೈಸೆ. ಮನೆಗಳೇ ಕವರು ಹಿಂದಿರುಗಿಸಿದರೆ ಅವರ ಆ ಪೈಸೆಯೂ ಹೋದೀತು. ಆದ್ದರಿಂದ ನಿಯಮದಲ್ಲಿ ಗ್ರಾಹಕ ಎಂದು ಬರೆಯಬೇಡಿ, ತಂದವರು ಎಂದು ಬರೆಯಿರಿ. ಗೋಣಿ ಹೊತ್ತು ಬಂದವರನ್ನು ಬೂತಿನವನು ಓಡಿಸದಂತೆ, ಅವರ 400 ಕವರಿಗೂ 400 ರೂಪಾಯಿ ಎಣಿಸಿ ಕೊಡುವಂತೆ ಆದೇಶ ಇರಲಿ.

ಕೇಂದ್ರದ 2022ರ ನಿಯಮಗಳು ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಹೊಣೆಯನ್ನು ಬ್ರ್ಯಾಂಡಿನ ಒಡೆಯರ ಮೇಲೆ ಹಾಕಿವೆ. ದೇಶದ ಯಾವುದೋ ಮೂಲೆಯ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಕೊಂಡು ಲೆಕ್ಕ ತೀರಿಸಲು ಅದೇ ನಿಯಮ ದಾರಿ ಬಿಟ್ಟಿದೆ. ಕಾನೂನಿಗೆ ಅಷ್ಟು ಸಾಕಾದರೂ ಮಂಡ್ಯದ ಕಾಲುವೆಯ ಕವರು ಅಲ್ಲೇ ಇರುತ್ತದೆ.

ಒಂದು ಹಾಲು ಒಕ್ಕೂಟದ ಒಂದು ತಾಲ್ಲೂಕಿನಿಂದ ಶುರುಮಾಡಿ, ತಕರಾರಿಲ್ಲ. ಆದರೆ ಮುಂದಿನ ವಾರ್ಷಿಕ ಮಹಾಸಭೆಯ ವರದಿಯಲ್ಲಿ ಹಾಲು, ತುಪ್ಪ, ಪೇಡಾದ ಅಂಕಿಗಳ ಕೆಳಗೆ ಇನ್ನೆರಡು ಸಾಲು ಹಾಕಿಸಿ: ವರ್ಷದಲ್ಲಿ ಕೊಂಡ ಪ್ಯಾಕಿಂಗ್ ಫಿಲ್ಮ್ ಎಷ್ಟು ಟನ್, ಕರ್ನಾಟಕದ ಮನೆಗಳಿಂದ ನಿಮ್ಮ ಡೇರಿಗೆ ಮರಳಿದ್ದು ಎಷ್ಟು ಟನ್. ಎರಡನೆಯದು ಸೊನ್ನೆಯಾಗಿದ್ದರೆ ಸೊನ್ನೆ ಎಂದೇ ಮುದ್ರಿಸಿ.

ಇಂತಿ,
ನಿಮ್ಮ ನೀಲಿ ಪ್ಯಾಕೆಟ್ಟಿನ ಗ್ರಾಹಕ